ನೀಲಾಳ ಕೈಗೆ ಒಂದು ಹಿಡಿ ಹಿಟ್ಟು

ಕಲಬುರಗಿ
ಭಾನುವಾರ ಮಧ್ಯಾಹ್ನ

ಪ್ರೀತಿಯ ಮಗಳೇ,

ನೀನು ಕಳಿಸಿದ ನಿನ್ನ ಪತ್ತೇದಾರಿ ಕಾದಂಬರಿಯ ಏಳೂ ಅಧ್ಯಾಯ ಓದಿದೆ. ಇವತ್ತಿನ ರೊಟ್ಟಿ ಆರ್ಡರ್ ಮುಗಿಸಿ, ಹಂಚು ಇಳಿಸಿ, ಫ್ಯಾನಿನ ಕೆಳಗೆ ಕೂತು ಓದಿದೆ. ಗಂಜಿನ ಓಣಿ, ತೊಗರಿ ಚೀಲದ ಧೂಳು, ಶರಣಬಸವೇಶ್ವರ ಜಾತ್ರೆಯ ಗದ್ದಲ, ಎಲ್ಲ ಕಣ್ಣಿಗೆ ಕಟ್ಟಿತು. ಆ ಪಿಎಸ್ಐ ಕೂಡ ಚೆಂದ ಇದ್ದಾನೆ. ಸ್ವಲ್ಪ ಜಾಸ್ತಿನೇ ಚೆಂದ ಇದ್ದಾನೆ.

ಆದರೆ ನಿನ್ನ ಕಥಾನಾಯಕಿ ನೀಲಾ ಎಲ್ಲಿದ್ದಾಳೆ?

ಪೆನ್ಸಿಲ್ ಹಿಡಿದು ಲೆಕ್ಕ ಹಾಕಿದೆ. ಅವಳು ನಾಲ್ಕು ಸಲ ಚಹಾ ಕೊಡುತ್ತಾಳೆ. ಮೂರು ಸಲ ಬೆಚ್ಚಿಬೀಳುತ್ತಾಳೆ. ಎರಡು ಸಲ ಬಾಗಿಲ ಮರೆಯಲ್ಲಿ ನಿಂತಾಗ ಸುಳಿವು ತಾನಾಗಿ ಬಂದು ಕಿವಿಗೆ ಬೀಳುತ್ತದೆ. ಏಳನೇ ಅಧ್ಯಾಯದಲ್ಲಿ ರಾತ್ರಿ ಹತ್ತಕ್ಕೆ ಒಬ್ಬಳೇ ಬ್ಯಾಟರಿ ಹಿಡಿದು ದಾಲ್ ಮಿಲ್ಲಿನ ಗೋದಾಮಿಗೆ ಹೋಗುತ್ತಾಳೆ, ಫೋನು ಮನೆಯಲ್ಲೇ ಮರೆತು! ಪಿಎಸ್ಐ ಬಂದು ಎತ್ತಿಕೊಳ್ಳುತ್ತಾನೆ. ಇದನ್ನು ನೀನು ಧೈರ್ಯ ಅಂದುಕೊಂಡಿದ್ದೀಯ. ನನಗೆ ಅದು ಧೈರ್ಯ ಅನಿಸಲಿಲ್ಲ. ಅವನು ಬಂದು ಕಾಪಾಡಲಿ ಅಂತ ನೀನೇ ಅವಳನ್ನು ದಡ್ಡಿ ಮಾಡಿದ್ದೀಯ.

ನೀನು ಕಪಾಟಿನಲ್ಲಿ ಬಿಟ್ಟುಹೋದ ಇಂಗ್ಲಿಷ್ ಪುಸ್ತಕಗಳನ್ನೂ ಒಂದೊಂದಾಗಿ ಓದುತ್ತಿದ್ದೇನೆ. ‘ಕೋಜಿ’ ಅಂತೀಯಲ್ಲ, ಅವೇ. ಸಣ್ಣ ಊರು, ಒಂದು ಬೇಕರಿ, ಒಂದು ಬೆಕ್ಕು, ಒಂದು ಹೆಣ. ರಕ್ತ ಮಾತ್ರ ಕಾಣಬಾರದು. ಕೊನೆಗೆ ಕೊಲೆಗಾರನೂ ಸಿಗುತ್ತಾನೆ, ಗಂಡೂ ಸಿಗುತ್ತಾನೆ. ಓದಲಿಕ್ಕೆ ಹಾಯಾಗಿರುತ್ತವೆ, ಬೇಡ ಅನ್ನುವುದಿಲ್ಲ. ಆದರೆ ಎಷ್ಟೋ ಪುಸ್ತಕಗಳಲ್ಲಿ ಆ ಬೇಕರಿ ಬರೀ ಅಲಂಕಾರ. ಅದರ ಬದಲು ಹೂವಿನ ಅಂಗಡಿ ಇಟ್ಟರೂ ಕತೆಯಲ್ಲಿ ಒಂದು ಸಾಲೂ ಬದಲಾಗುವುದಿಲ್ಲ.

ಅಗಾಥಾ ಕ್ರಿಸ್ಟಿಯ ಟಪೆನ್ಸ್ ನನಗೆ ಬಹಳ ಹಿಡಿಸಿದಳು. 1941ರ ‘ಎನ್ ಆರ್ ಎಮ್?’ (N or M?) ಕಾದಂಬರಿಯಲ್ಲಿ ಸರ್ಕಾರದವರು ಅವಳ ಗಂಡ ಟಾಮಿಗೆ ಮಾತ್ರ ಗುಟ್ಟಿನ ಕೆಲಸ ಕೊಡುತ್ತಾರೆ. ಹೆಂಡತಿಗೆ ಹೇಳುವ ಹಾಗಿಲ್ಲ. ಇವನು ಸುಳ್ಳು ಹೆಸರು ಹಾಕಿಕೊಂಡು ಸಮುದ್ರದ ದಂಡೆಯ ವಸತಿಗೃಹಕ್ಕೆ ಹೋಗಿ ನೋಡಿದರೆ, ಅವಳು ಅವನಿಗಿಂತ ಮೊದಲೇ ಬಂದು, ಬೇರೆ ಹೆಸರಿನಲ್ಲಿ ಉಲ್ಲನ್ ಹೆಣೆಯುತ್ತಾ ಕೂತಿದ್ದಾಳೆ! ಕದ್ದು ಕೇಳಿಸಿಕೊಂಡಿದ್ದಳು. ಅವಳೂ ನಿನ್ನ ನೀಲಾನ ಹಾಗೆ ಕದ್ದು ಕೇಳಿದವಳೇ. ಆದರೆ ಕೇಳಬೇಕು ಅಂತ ಉಪಾಯ ಮಾಡಿ ಕೇಳಿದವಳು. ಇಷ್ಟಾಗಿಯೂ ಗಂಡ ಹೆಂಡತಿಯ ಪ್ರೀತಿಗೆ ಏನೂ ಕಡಿಮೆಯಾಗಲಿಲ್ಲ ನೋಡು.

ಡೊರೊತಿ ಸೇಯರ್ಸ್ ಬರೆದ ಹ್ಯಾರಿಯಟ್‌ಳದು ಇನ್ನೊಂದು ದಾರಿ. 1930ರ ಪುಸ್ತಕದಲ್ಲಿ ಅವಳ ಮೇಲೆ ಕೊಲೆ ಆರೋಪ, ಗಲ್ಲಿಗೇರುವ ಭಯ. ಪತ್ತೇದಾರ ಲಾರ್ಡ್ ಪೀಟರ್ ಬಿಡಿಸುತ್ತಾನೆ, ಮದುವೆಯಾಗು ಅಂತಲೂ ಕೇಳುತ್ತಾನೆ. ಅವಳು ಒಪ್ಪುವುದಿಲ್ಲ. ಉಪಕಾರದ ಋಣ ಹೊತ್ತುಕೊಂಡು ಸಂಸಾರ ಮಾಡುವುದು ಹೇಗೆ? ಅವಳ ಬಾಯಲ್ಲಿ ‘ಹೂಂ’ ಬರುವುದು 1935ರ ಪುಸ್ತಕದ ಕೊನೆಗೆ. ಅದರಲ್ಲೂ ಗುಟ್ಟು ಬಿಡಿಸಿ ಹೇಳುವವನು ಪೀಟರೇ. ಆದರೂ ಅವಳು ನನಗೆ ಸಣ್ಣವಳಾಗಿ ಕಾಣಲಿಲ್ಲ. ಯಾಕೆಂದರೆ ತನ್ನ ಬಾಳಿನ ಮಾತನ್ನು ಅವಳು ಅವನ ಕೈಗೆ ಬಿಡಲಿಲ್ಲ.

ಇನ್ನು ನಮ್ಮ ಗಿರಣಿ ಕತೆ. ನಿನಗೆ ಗೊತ್ತು ಅಂದುಕೊಂಡಿರುತ್ತೀಯ. ನೀನು ಕೇಳಿದ್ದು ನಿಮ್ಮಪ್ಪ ಹೇಳಿದ್ದು. ನೀನು ಆಗ ಮೂರನೇ ಕ್ಲಾಸು. ಒಂದು ಮದುವೆಗೆ 500 ರೊಟ್ಟಿ ಒಪ್ಪಿಕೊಂಡಿದ್ದೆ. ಹಿಟ್ಟು ಸಾಲಲಿಲ್ಲ. ನನ್ನ ಕೈಯಲ್ಲಿ ಕಿಲೋಗೆ 16 ರೊಟ್ಟಿ ಆಗುತ್ತವೆ, ಒಂದು ಹೆಚ್ಚು ಕಡಿಮೆ. ರಾತ್ರಿಯೆಲ್ಲ ಲೆಕ್ಕ ಹಾಕಿದೆ. ನಾನು ಕೊಟ್ಟ ಜೋಳಕ್ಕೂ ಬಂದ ಹಿಟ್ಟಿಗೂ ಎರಡೂವರೆ ಕಿಲೋ ಫರಕು. ಹಳೇ ಚೀಟಿ ತೆಗೆದು ನೋಡಿದರೆ ಹಿಂದಿನ ಮೂರು ಸಲವೂ ಹಾಗೇ. ಬೆಳಿಗ್ಗೆ ಚೀಟಿ ಹಿಡಿದು ಚಪ್ಪಲಿ ಮೆಟ್ಟಿದೆ. ನಿಮ್ಮಪ್ಪ ಬಾಗಿಲಲ್ಲಿ, ‘ನೀ ಸುಮ್ನ ಇರು, ನಾ ಹೋಗಿ ಮಾತಾಡ್ತೀನಿ’ ಅಂದರು. ಚೀಟಿ ಕೊಟ್ಟೆ. ಗಿರಣಿಯವನು ತಪ್ಪು ಒಪ್ಪಿಕೊಂಡು ಹಿಟ್ಟು ತುಂಬಿಕೊಟ್ಟನಂತೆ. ‘ಸಾಹೇಬ್ರ ಲೆಕ್ಕ ಭಾಳ ಪಕ್ಕಾ ಅದ’ ಅಂದನಂತೆ. ಆಮೇಲೆ ಎಷ್ಟು ಮದುವೆ ಮನೆಗಳಲ್ಲಿ ನಿಮ್ಮಪ್ಪ ಆ ಕತೆ ಹೇಳಿಲ್ಲ! ನಾನೂ ಪಕ್ಕದಲ್ಲಿ ಕೂತು ನಕ್ಕಿದ್ದೇನೆ. ಅವರು ಕೆಟ್ಟವರಲ್ಲ ಅಂತ ನಿನಗೂ ಗೊತ್ತು. ಆದರೆ ಗಿರಣಿಯವನ ಮುಖ ಆಗ ಹೇಗಾಯಿತು ಅಂತ ನಾನು ನೋಡಲಿಲ್ಲ. ಅದನ್ನು ನೋಡುವ ಆಸೆ ಇತ್ತು.

ಅದಕ್ಕೇ ಹೇಳುತ್ತೇನೆ, ಗೋದಾಮಿನ ಅಧ್ಯಾಯ ತೆಗೆ. ದಲ್ಲಾಳಿ ಸತ್ತ ದಿನ ಬೆಳಿಗ್ಗೆ ನಾನೇ ಗಿರಣಿಗೆ ಹೋಗಿ ಹಿಟ್ಟು ಬೀಸಿಸಿಕೊಂಡು ಬಂದೆ ಅಂತ ಅವನ ಅಳಿಯ ಹೇಳುತ್ತಾನಲ್ಲ? ಚೀಲ ಅಡುಗೆಮನೆಯಲ್ಲೇ ಇದೆ ಅಂತ ನೀನೇ ಬರೆದಿದ್ದೀಯ. ನೀಲಾ ರೊಟ್ಟಿ ಬಡಿಯುವವಳು ಕಣೇ! ಆ ಚೀಲ ನೋಡಿಯೂ ಸುಮ್ಮನೆ ಬರುತ್ತಾಳಾ? ಒಂದು ಚಿಟಿಕೆ ನಾಲಿಗೆಗೆ ಇಟ್ಟುಕೊಳ್ಳಲಿ. ಬೀಸಿ ಬಹಳ ದಿನವಾದ ಜೋಳದ ಹಿಟ್ಟು ಕಹಿ ಬರುತ್ತದೆ. ಒಂದು ಹಿಡಿ ಬಿಸಿನೀರಲ್ಲಿ ನಾದಲಿ. ಹೊಸ ಹಿಟ್ಟಾದರೆ ಜಿಗಿ ಇರುತ್ತದೆ, ಬಡಿದಷ್ಟೂ ಅಗಲವಾಗುತ್ತದೆ. ಹಳೇದಾದರೆ ಅಂಚು ಬಿರಿಯುತ್ತದೆ, ಎತ್ತಿದರೆ ಹರಿಯುತ್ತದೆ. ರೊಟ್ಟಿಗೆ ಹೆಸರಾದ ಮಾಲದಂಡಿ ಜೋಳವಾದರೂ ಅಷ್ಟೇ. ಅಳಿಯ ಸುಳ್ಳು ಹೇಳುತ್ತಿದ್ದಾನೆ ಅನ್ನುವುದು ಅವಳ ಬೆರಳಿಗೆ ಗೊತ್ತಾಗುತ್ತದೆ. ಪಿಎಸ್ಐಗೆ ಹತ್ತು ಸಲ ಮುಟ್ಟಿದರೂ ಗೊತ್ತಾಗುವುದಿಲ್ಲ.

ಅವಳೇ ಹೋಗಿ ಅಳಿಯನ ಎದುರು ಹೇಳಲಿ, ಹಗಲು ಹೊತ್ತಿನಲ್ಲಿ, ಜನರ ನಡುವೆ. ಪಿಎಸ್ಐ ಬೇಕಾದರೆ ಪಕ್ಕದಲ್ಲಿ ನಿಂತಿರಲಿ. ಹುಡುಗ ಒಳ್ಳೆಯವನೇ, ಓಡಿಸಬೇಡ. ಮದುವೆ ಮಾತನ್ನು ಮಾತ್ರ ಅವಳು ಗೋದಾಮಿನಲ್ಲಿ ಮೂರ್ಛೆ ಬಿದ್ದಾಗ ತರಬೇಡ. ಎಚ್ಚರ ಇರುವಾಗ ಕೇಳಲಿ.

ಶೇಂಗಾ ಹಿಂಡಿ, 20 ಖಡಕ್ ರೊಟ್ಟಿ ನಾಳೆ ಬಸ್ಸಿಗೆ ಕಳಿಸುತ್ತೇನೆ. ಡಬ್ಬಿ ವಾಪಸ್ ತಾ. ನಿಮ್ಮಪ್ಪ ಈಗ ನಿನ್ನ ನಾಲ್ಕನೇ ಅಧ್ಯಾಯದಲ್ಲಿದ್ದಾರೆ, ಪಿಎಸ್ಐಯನ್ನು ಬಹಳ ಮೆಚ್ಚಿಕೊಂಡಿದ್ದಾರೆ. ಪತ್ರ ನಾನೇ ಅಂಚೆಗೆ ಹಾಕುತ್ತೇನೆ ಅಂತ ಕೈ ಚಾಚಿದರು. ಬೇಡ, ಹೇಗೂ ನಾನು ಆ ಕಡೆಗೇ ಹೊರಟಿದ್ದೇನೆ ಅಂದೆ.

ನಿನ್ನ
ಅವ್ವ