ಆ ಮಕ್ಕಳಿಗೆ ಮೀಟರ್ ಓದಲು ಬಿಡಿ

ಮಾನ್ಯರೇ,

ವಿದ್ಯಾರ್ಥಿ ಸ್ವಯಂಸೇವಕರು ಕ್ಯಾಂಪಸ್ಸಿನಲ್ಲಿ ಲೈಟು, ಫ್ಯಾನು ಆರಿಸುತ್ತಾ ಓಡಾಡುವುದು ಬರೀ ಫೋಟೊಗಾಗಿ ಎಂದು ಓದುಗರೊಬ್ಬರು ಇದೇ ಅಂಕಣದಲ್ಲಿ ಬರೆದಿದ್ದರು. ನಾನು ಒಂದು ವಿಶ್ವವಿದ್ಯಾಲಯದಲ್ಲಿ 21 ವರ್ಷದಿಂದ ಎಲೆಕ್ಟ್ರಿಷಿಯನ್. ಅಂಥ ಮಕ್ಕಳ ಹಿಂದೆ ಏಣಿ ಹೊತ್ತು ತಿರುಗಿದವನು. ಅದಕ್ಕೇ ಈ ಪತ್ರ.

ನಿಜ ಹೇಳಬೇಕೆಂದರೆ ಶುರುವಿನಲ್ಲಿ ನನಗೂ ಹಾಗೇ ಅನಿಸಿತ್ತು. ಮೊದಲ ವಾರ ಅವರು ಮಾಡಿದ್ದು ಸ್ಟಿಕರ್ ಅಂಟಿಸುವ ಕೆಲಸ. 'ಹೊರಡುವಾಗ ಆರಿಸಿ' ಅಂತ. ಯಾರೂ ಆರಿಸಲಿಲ್ಲ.

ಆಮೇಲೆ ಒಬ್ಬ ಹುಡುಗಿ ಬಂದು ಕೇಳಿದಳು, "ಅಣ್ಣಾ, ಈ ಬೋರ್ಡಿನಲ್ಲಿ ಯಾವ ಸ್ವಿಚ್ ಯಾವ ಫ್ಯಾನಿಗೆ?" ನನಗೇ ಗೊತ್ತಿರಲಿಲ್ಲ! 14 ಸ್ವಿಚ್ಚಿನ ಬೋರ್ಡು ಅದು. ಕ್ಲಾಸಿಗೆ ಬಂದವನಿಗೆ ಬೇಕಾದದ್ದು ತನ್ನ ತಲೆ ಮೇಲಿನ ಒಂದು ಫ್ಯಾನು. ಯಾವುದೆಂದು ತಿಳಿಯದೆ ಒಂದಾದ ಮೇಲೊಂದು ಒತ್ತುತ್ತಾನೆ. ತನ್ನದು ತಿರುಗಿದ ಕೂಡಲೇ ಹೋಗಿ ಕೂರುತ್ತಾನೆ. ಉಳಿದವು ಸುಮ್ನೆ ತಿರುಗುತ್ತಿರುತ್ತವೆ. ಇದರಲ್ಲಿ ಅವನ ಸೋಮಾರಿತನಕ್ಕಿಂತ ವೈರಿಂಗ್ ಮಾಡಿದ ನಮ್ಮ ತಪ್ಪೇ ಜಾಸ್ತಿ.

ಒಂದು ಶನಿವಾರ ಮಧ್ಯಾಹ್ನ ಅವಳು ಬೋರ್ಡಿನ ಹತ್ತಿರ ನಿಂತು ಒಂದೊಂದೇ ಸ್ವಿಚ್ ಒತ್ತಿದಳು. ಇನ್ನೊಬ್ಬ ಬೆಂಚುಗಳ ನಡುವೆ ನಿಂತು "ಮೂರನೇ ಸಾಲು, ಕಿಟಕಿ ಕಡೆ" ಎಂದು ಕೂಗಿದ. ಬಿಳಿ ಟೇಪಿನ ಚೂರುಗಳ ಮೇಲೆ ನಂಬರ್ ಬರೆದು ಸ್ವಿಚ್ಚಿನ ಕೆಳಗೊಂದು, ಫ್ಯಾನಿಗೊಂದು ಅಂಟಿಸಿದೆವು. ಏಣಿ ಹತ್ತಿದ್ದು ನಾನೇ. ಮಕ್ಕಳನ್ನು ಹತ್ತಿಸಲಿಲ್ಲ. ಆ ಕೊಠಡಿಯಲ್ಲಿ ಈಗ ಹಿಂದಿನ ಬೆಂಚು ಖಾಲಿಯಿದ್ದರೆ ಅದರ ಮೇಲಿನ ಫ್ಯಾನೂ ನಿಂತಿರುತ್ತದೆ.

ಹಳೆ ಮಾದರಿಯ ಸೀಲಿಂಗ್ ಫ್ಯಾನ್ ಸುಮಾರು 75 ವಾಟ್ ಎಳೆಯುತ್ತದೆ. 8 ಫ್ಯಾನಿಗೆ 600 ವಾಟ್. ಹಳೆ ಟ್ಯೂಬ್‌ಲೈಟು ಚೋಕೂ ಸೇರಿ 50 ವಾಟಿನ ಹತ್ತಿರ, 6 ಇದ್ದರೆ 300. ಸಂಜೆ 5ಕ್ಕೆ ಹಾಗೇ ಬಿಟ್ಟು ಹೋದರೆ ಬೆಳಿಗ್ಗೆ 9ಕ್ಕೆ 16 ಗಂಟೆ. ಒಂದೇ ಕೊಠಡಿ, ಒಂದೇ ರಾತ್ರಿ, 14 ಯೂನಿಟ್‌ಗಿಂತ ಜಾಸ್ತಿ. ಫೋಟೊಗಾಗಿ ಎಂದವರು ಈ ಲೆಕ್ಕ ಒಮ್ಮೆ ನೋಡಲಿ.

ಆದರೆ ದೊಡ್ಡ ಕಳ್ಳ ಸ್ವಿಚ್‌ಬೋರ್ಡಿನಲ್ಲಿ ಇರಲಿಲ್ಲ. ಖಾಲಿ ಕಟ್ಟಡ ಎಷ್ಟು ಕರೆಂಟು ತಿನ್ನುತ್ತದೆ ನೋಡೋಣ ಎಂದರು ಮಕ್ಕಳು. ಶನಿವಾರ ರಾತ್ರಿ 11ಕ್ಕೆ ಒಮ್ಮೆ, ಭಾನುವಾರ ಬೆಳಿಗ್ಗೆ 5ಕ್ಕೆ ಒಮ್ಮೆ ರೀಡಿಂಗ್ ತೆಗೆದೆವು. ವ್ಯತ್ಯಾಸ ಎರಡೇ ಎರಡು. "ಇಷ್ಟೇನಾ!" ಎಂದು ಹಿಗ್ಗಿದರು. ಆದರೆ ಆ ಕಟ್ಟಡದ ಮೀಟರಿಗೆ 200/5ರ ಸಿಟಿ ಹಾಕಿದೆ. ಸಿಟಿ ಎಂದರೆ ಕರೆಂಟ್ ಟ್ರಾನ್ಸ್‌ಫಾರ್ಮರ್, ಲೈನಿನಲ್ಲಿ 200 ಆಂಪಿಯರ್ ಹರಿದರೆ ಮೀಟರಿಗೆ 5 ಮಾತ್ರ ಕಳಿಸುವ ಸಾಧನ. ಅಂದರೆ ಮೀಟರ್ ತೋರಿಸುವುದು ನಿಜವಾದ ಕರೆಂಟಿನ ನಲವತ್ತರಲ್ಲಿ ಒಂದು ಪಾಲನ್ನು. ಬಂದ ಅಂಕಿಯನ್ನು 40ರಿಂದ ಗುಣಿಸಬೇಕು. ಎರಡು ಅಲ್ಲ, 80 ಯೂನಿಟ್. ನರಪಿಳ್ಳೆಯಿಲ್ಲದ ಕಟ್ಟಡದಲ್ಲಿ, ಆರು ಗಂಟೆಯಲ್ಲಿ! ಹುಡುಗರು ಒಂದು ನಿಮಿಷ ಮಾತಾಡಲಿಲ್ಲ.

ಹುಡುಕಿದರೆ ಎಲ್ಲ ಕಣ್ಣೆದುರೇ ಇತ್ತು. ಲ್ಯಾಬಿನಲ್ಲಿ ಪರದೆ ಮಾತ್ರ ಆರಿಸಿದ ಕಂಪ್ಯೂಟರ್‌ಗಳು. ಯಾರೂ ಕುಡಿಯದ ನೀರನ್ನು ರಾತ್ರಿಯಿಡೀ ತಣ್ಣಗೆ ಮಾಡುವ ಕೂಲರ್‌ಗಳು. ಕಾರಿಡಾರಿನ ಅಷ್ಟೂ ದೀಪ. ಮೇಲಿನ ಮಹಡಿಯ ಸರ್ವರ್ ರೂಮಿನಲ್ಲಿ 18 ಡಿಗ್ರಿಗೆ ಇಟ್ಟ ಎರಡು ಏಸಿ. ಒಳಗೆ ಸರ್ವರೇ ಇಲ್ಲ! ಬೇರೆ ಕಟ್ಟಡಕ್ಕೆ ಹೋಗಿ ಯಾವ ಕಾಲವಾಗಿತ್ತೋ. ಖಾಲಿ ಕಬ್ಬಿಣದ ಸ್ಟ್ಯಾಂಡು ಚಳಿಯಲ್ಲಿ ನಿಂತಿತ್ತು. ನಾಚಿಕೆಯ ಮಾತೆಂದರೆ, ಆ ಏಸಿಗಳ ಫಿಲ್ಟರ್ ತೊಳೆಯಲು ನಾನೇ ಮೂರು ಸಲ ಆ ರೂಮಿಗೆ ಹೋಗಿದ್ದೆ. ಏಸಿ ಸರಿಯಾಗಿದೆಯಾ ಎಂದು ನೋಡಿದೆ, ಯಾಕಿದೆ ಎಂದು ಕೇಳಲಿಲ್ಲ.

ಏಸಿ, ಕಂಪ್ಯೂಟರ್ ಅಂದೇ ನಿಂತವು. ಕಾರಿಡಾರಿನ ದೀಪ ಮಾತ್ರ ಇವತ್ತಿಗೂ ರಾತ್ರಿಯಿಡೀ ಉರಿಯುತ್ತಿದೆ. ಅದಕ್ಕೆ ಬೇರೆ ಸ್ವಿಚ್ಚೇ ಇಲ್ಲ. ಪ್ಯಾನೆಲ್ಲಿನಲ್ಲಿ ಆ ಲೈನಿನ ಎಂಸಿಬಿ (ಬ್ರೇಕರ್ ಸ್ವಿಚ್) ಇಳಿಸಿದರೆ ಮೆಟ್ಟಿಲ ದೀಪವೂ ಹೋಗುತ್ತದೆ. ಒಬ್ಬ ಹುಡುಗ ಉತ್ಸಾಹದಲ್ಲಿ ಪ್ಯಾನೆಲ್ ಬಾಗಿಲು ತೆಗೆಯಲು ಹೋಗಿ ನನ್ನಿಂದ ಚೆನ್ನಾಗಿ ಬೈಸಿಕೊಂಡ. ಅದು ಅವರ ಕೆಲಸ ಅಲ್ಲ. ಮೆಟ್ಟಿಲ ದೀಪದ ಲೈನ್ ಬೇರೆ ಮಾಡಿ, ಕಾರಿಡಾರಿಗೆ ಟೈಮರ್ ಹಾಕಬೇಕು, ಅಷ್ಟೇ. ಮಕ್ಕಳು ಅರ್ಜಿ ಕೊಟ್ಟು ನಾಲ್ಕು ತಿಂಗಳಾಯಿತು. ಅದು ಮೇಜಿನಿಂದ ಮೇಜಿಗೆ ಹೋಗುತ್ತಿದೆ. ಕರೆಂಟು ಬಿಲ್ಲಿನ ಪ್ರತಿ ಕೇಳಿದ್ದಕ್ಕೆ 'ನಿಮಗ್ಯಾಕೆ' ಎಂಬ ಉತ್ತರ ಬಂತು. ಮೊನ್ನೆ ಆಡಳಿತದವರು ಮಕ್ಕಳನ್ನು ಕರೆದು, ವಿದ್ಯುತ್ ಉಳಿತಾಯದ ಬಗ್ಗೆ ಇನ್ನೊಂದು ಜಾಥಾ ಮಾಡಿ ಎಂದರಂತೆ. ಫೋಟೊದ ಆಸೆ ಯಾರಿಗೆ ಹೇಳಿ?

ಆ ಹುಡುಗಿಗೆ ಇದು ಕೊನೆಯ ಸೆಮಿಸ್ಟರ್. ರೀಡಿಂಗ್ ಬರೆದ ನೋಟ್‌ಬುಕ್ಕನ್ನು ನನ್ನ ಕೈಗೆ ಕೊಟ್ಟಿದ್ದಾಳೆ. ಮುಂದಿನ ವರ್ಷ ಬರುವವರು ಮತ್ತೆ ಸ್ಟಿಕರ್‌ನಿಂದ ಶುರು ಮಾಡುವುದು ಬೇಡ ಅಲ್ವಾ? ಅವರಿಗೆ ಪ್ರತಿ ತಿಂಗಳು ಬಿಲ್ಲು ತೋರಿಸಲಿ, ಕಟ್ಟಡವಾರು ರೀಡಿಂಗ್ ತೆಗೆಯಲು ಬಿಡಲಿ. ಇನ್ನು ಆ ಟೈಮರ್ ನಮ್ಮ ಸ್ಟೋರ್ ರೂಮಿನಲ್ಲೇ ಬಿದ್ದಿದೆ. ಅನುಮತಿ ಸಿಕ್ಕರೆ ನನಗೆ ಒಂದು ಭಾನುವಾರ ಸಾಕು.

– ಒಬ್ಬ ಎಲೆಕ್ಟ್ರಿಷಿಯನ್