ಪಿಯು ಸ್ಪ್ರೇ ಪಾಲಿಶ್ ನಿಲ್ಲಿಸುತ್ತಿರುವ ಕುರಿತು ನಮ್ಮ ಗ್ರಾಹಕರಿಗೆ ಪತ್ರ

ಮಾನ್ಯ ಗ್ರಾಹಕರೇ,

ಮುಂದಿನ ತಿಂಗಳ ಒಂದನೇ ತಾರೀಖಿನಿಂದ ನಮ್ಮ ಮರಗೆಲಸಗಾರರ ಸಹಕಾರ ಸಂಘದಲ್ಲಿ ಯಾವ ಪೀಠೋಪಕರಣಕ್ಕೂ ಹಾರ್ಡನರ್ (ಪದರವನ್ನು ಗಟ್ಟಿಯಾಗಿಸುವ ದ್ರವ) ಬೆರೆಸಿ ಸ್ಪ್ರೇ ಮಾಡುವ ಪಿಯು, ಅಂದರೆ ಪಾಲಿಯುರೆಥೇನ್, ಪಾಲಿಶ್ ಹೊಡೆಯುವುದಿಲ್ಲ. ಗಾಜಿನಂಥ ಆ ಹೊಳಪನ್ನು ಮೆಚ್ಚಿಯೇ ಬರುವವರು ನಿಮ್ಮಲ್ಲಿ ಅನೇಕರಿರುವುದರಿಂದ ಕಾರಣವನ್ನು ವಿವರವಾಗಿ ತಿಳಿಸುತ್ತಿದ್ದೇವೆ.

ಆ ಹಾರ್ಡನರ್‌ನಲ್ಲಿ ಐಸೊಸಯನೇಟ್ ಗುಂಪಿನ ರಾಸಾಯನಿಕಗಳಿರುತ್ತವೆ. ಸ್ಪ್ರೇ ಗನ್ನಿನಿಂದ ಹೊಮ್ಮುವ ಸೂಕ್ಷ್ಮ ಹನಿಗಳೊಂದಿಗೆ ಅವು ಶ್ವಾಸಕೋಶಕ್ಕಿಳಿದು ಕೆಲವರಲ್ಲಿ ಉದ್ಯೋಗಜನ್ಯ ಅಸ್ತಮಾ ಉಂಟುಮಾಡುತ್ತವೆ. ಥಿನ್ನರ್‌ನ ಘಾಟು ಮೂಗಿಗೆ ಬಡಿಯುತ್ತದೆ; ಆದರೆ ಐಸೊಸಯನೇಟ್ ಅಪಾಯದ ಮಟ್ಟ ದಾಟಿದರೂ ವಾಸನೆಯಿಂದ ಗೊತ್ತಾಗುವುದಿಲ್ಲ. ವರ್ಷಗಟ್ಟಲೆ ಏನೂ ಆಗದೆ ಕೆಲಸ ಮಾಡಿದವರ ದೇಹವೂ ಒಮ್ಮೆ ಅದಕ್ಕೆ ಪ್ರತಿಕ್ರಿಯಿಸಲು ತೊಡಗಿತೆಂದರೆ, ಆಮೇಲೆ ಅತ್ಯಲ್ಪ ಪ್ರಮಾಣವೇ ಉಬ್ಬಸ ತರಲು ಸಾಕು. ನಮ್ಮ ಹಿರಿಯ ಪಾಲಿಶ್ ಕೆಲಸಗಾರರೊಬ್ಬರಿಗೆ, ಎಂದೂ ಬೀಡಿ ಮುಟ್ಟದವರಿಗೆ, ರಾತ್ರಿ ಹೊತ್ತು ಕೆಮ್ಮು ಹತ್ತಿ ಎದೆ ಬಿಗಿಯುತ್ತಿತ್ತು. ಹಬ್ಬಕ್ಕೆ ಊರಿಗೆ ಹೋದರೆ ಇಳಿಯುತ್ತಿತ್ತು, ಕೆಲಸಕ್ಕೆ ಮರಳಿದ ವಾರದಲ್ಲೇ ಮತ್ತೆ ಕಾಣಿಸಿಕೊಳ್ಳುತ್ತಿತ್ತು. ರಜೆಯಲ್ಲಿ ಹೀಗೆ ಇಳಿಯುವುದೇ ಈ ಕಾಯಿಲೆಯ ಮುಖ್ಯ ಸುಳಿವು.

1948ರ ಕಾರ್ಖಾನೆ ಕಾಯ್ದೆಯು ಐಸೊಸಯನೇಟ್ ವಿಷಬಾಧೆಯನ್ನು ವರದಿ ಮಾಡಲೇಬೇಕಾದ ರೋಗಗಳ ಪಟ್ಟಿಯಲ್ಲಿ ಸೇರಿಸಿತ್ತು. ಈ ಗುಂಪಿನ ಟಿಡಿಐ ರಾಸಾಯನಿಕಕ್ಕೆ ಅದು ವಿಧಿಸಿದ್ದ ಎಂಟು ಗಂಟೆಗಳ ಸರಾಸರಿ ಮಿತಿ, ಹತ್ತು ಲಕ್ಷ ಭಾಗ ಗಾಳಿಯಲ್ಲಿ ಬರೀ 0.005 ಭಾಗ. ಧೂಳಿನ ಮಾಸ್ಕ್ ಇದನ್ನು ತಡೆಯಲಾರದು. ಮುಚ್ಚಿದ ಸ್ಪ್ರೇ ಕೋಣೆಯೂ ಕೊಳವೆಯಿಂದ ಶುದ್ಧ ಗಾಳಿ ಬರುವ ಮುಖಗವಸೂ ಬೇಕು. ಉಜ್ಜುವವರು, ಜೋಡಿಸುವವರು ಎಲ್ಲರೂ ಒಂದೇ ಸೂರಿನಡಿ ಉಸಿರಾಡುವ ನಮ್ಮ ಶೆಡ್‌ನಲ್ಲಿ ಅದು ಆಗದ ಮಾತು. ಮೆಲಮೈನ್ ಪಾಲಿಶ್ ಬಳಸೋಣವೆಂಬ ಸಲಹೆಯೂ ಬಂದಿತ್ತು; ಅದು ಫಾರ್ಮಾಲ್ಡಿಹೈಡ್ ಎಂಬ ಹಾನಿಕಾರಕ ಅನಿಲ ಬಿಡುವುದರಿಂದ ಸಂಘ ಒಪ್ಪಲಿಲ್ಲ.

ಇನ್ನು ಮುಂದೆ ಮಂಚ, ಬೀರು, ಉಯ್ಯಾಲೆಗಳಿಗೆ ಸ್ಪಿರಿಟ್‌ನಲ್ಲಿ ಕರಗಿಸಿದ ಅರಗಿನ ಪಾಲಿಶ್ ಅನ್ನು ಕೈಯಿಂದಲೇ ಪದರ ಪದರವಾಗಿ ತಿಕ್ಕುತ್ತೇವೆ. ಊಟದ ಮೇಜಿಗೆ ಹಾರ್ಡನರ್ ಬೇಡದ, ನೀರು ಬೆರೆತ ಪಾಲಿಶ್ ಅನ್ನು ಬ್ರಶ್‌ನಿಂದ ಹಚ್ಚುತ್ತೇವೆ. ಅರಗಿನ ಮೇಲೆ ಬಿಸಿ ಲೋಟ ಇಟ್ಟರೆ ಬಿಳಿ ಉಂಗುರ ಮೂಡುತ್ತದೆ, ಆದರೆ ಆ ಜಾಗವನ್ನಷ್ಟೇ ತಿಕ್ಕಿ ಸರಿಪಡಿಸಬಹುದು. ಮಳೆಗಾಲದ ತೇವಕ್ಕೆ ಪದರ ಬೆಳ್ಳಗಾಗುವುದರಿಂದ ಆಗ ಸಾಮಾನು ತಲುಪಿಸುವುದು ತಡವಾಗುತ್ತದೆ.

ನಿಮ್ಮ ಮನೆಯಲ್ಲಿರುವ ಹಳೆಯ ಪಿಯು ಪೀಠೋಪಕರಣದ ಪದರ ಪೂರ್ತಿ ಗಟ್ಟಿಯಾಗಿರುವುದರಿಂದ ದಿನನಿತ್ಯದ ಬಳಕೆಗೆ ಆತಂಕ ಬೇಡ. ಪಿಯು ಪಾಲಿಶ್‌ಗೆಂದೇ ಮುಂಗಡ ಕೊಟ್ಟವರಿಗೆ ಈ ಬದಲಾವಣೆ ಒಪ್ಪಿಗೆಯಾಗದಿದ್ದರೆ ತಿಂಗಳ ಕೊನೆಯೊಳಗೆ ತಿಳಿಸಿ, ಪೂರ್ತಿ ಹಣ ಹಿಂದಿರುಗಿಸುತ್ತೇವೆ.

ಇತಿ ತಮ್ಮ ವಿಶ್ವಾಸಿ,
ಕಾರ್ಯದರ್ಶಿ