ಲಕ್ವ ಹೊಡೆದ ಮೇಲೆ ಕೈಕಾಲಷ್ಟೇ ಅಲ್ಲ, ಗಮನವನ್ನೂ ಪರೀಕ್ಷೆ ಮಾಡಿ

ಮಾನ್ಯ ಸಂಪಾದಕರೇ,

ಅಕ್ಟೋಬರ್ 29ರ ವಿಶ್ವ ಪಾರ್ಶ್ವವಾಯು ದಿನಕ್ಕೆ ನಿಮ್ಮ ಪತ್ರಿಕೆಯಲ್ಲಿ ಬಂದ ಲೇಖನ ಓದಿದೆ. ಬಾಯಿ ಸೊಟ್ಟಗಾದರೆ, ಕೈ ಸೋತರೆ, ಮಾತು ತೊದಲಿದರೆ ತಡ ಮಾಡಬೇಡಿ, ಹೆಪ್ಪು ಕರಗಿಸುವ ಇಂಜೆಕ್ಷನ್ ನಾಲ್ಕೂವರೆ ಗಂಟೆಯೊಳಗೆ ಕೊಡಿಸಬೇಕು ಅಂತ ಚೆನ್ನಾಗಿ ಬರೆದಿದ್ದಾರೆ. ಲಕ್ವಕ್ಕೆ ಪಾರಿವಾಳದ ರಕ್ತ ಹಚ್ಚಿಕೊಂಡು ಕೂರುವವರು ನಮ್ಮ ಕಡೆ ಇನ್ನೂ ಇದ್ದಾರೆ. ಅವರಿಗೆ ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ. ಆದರೆ ಜೀವ ಉಳಿದು ಮನೆಗೆ ಬಂದ ಮೇಲೆ ಏನು ಅನ್ನುವುದಕ್ಕೆ ಎರಡೇ ಸಾಲು: ಫಿಸಿಯೋಥೆರಪಿ ಮಾಡಿಸಿ, ಬಿಪಿ ಮಾತ್ರೆ ಬಿಡಬೇಡಿ. ಎಷ್ಟೋ ಜನರಿಗೆ ಕೈಕಾಲಿನ ಜೊತೆಗೆ ಒಂದು ಕಡೆಯ ಗಮನವೂ ಕೆಟ್ಟಿರುತ್ತದೆ, ಆ ಕಡೆ ಇರುವುದು ಅವರ ಅರಿವಿಗೇ ಬರುವುದಿಲ್ಲ, ಅದನ್ನು ಯಾರೂ ನೋಡುವುದಿಲ್ಲ. ಆ ಬಗ್ಗೆ ಈ ಪತ್ರ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟು ನಿವೃತ್ತಳಾದವಳು. ನಮ್ಮ ಯಜಮಾನರು ತಿಪಟೂರಿನಲ್ಲಿ ಕೊಬ್ಬರಿ ವ್ಯಾಪಾರ ಮಾಡುತ್ತಿದ್ದರು. ಅವರಿಗೆ ಮೆದುಳಿನ ಬಲಭಾಗದಲ್ಲಿ ಸ್ಟ್ರೋಕ್ ಆಯಿತು. ಎಡಗೈ, ಎಡಗಾಲು ಸೋತವು. ಮಾತು ಮಾತ್ರ ಸ್ಪಷ್ಟ, ನೆನಪೂ ಗಟ್ಟಿ. ಯಾವ ಅಂಗಡಿಯಿಂದ ಎಷ್ಟು ಬರಬೇಕು ಅಂತ ಹಾಸಿಗೆಯಲ್ಲೇ ಲೆಕ್ಕ ಹೇಳುತ್ತಿದ್ದರು. ನೋಡಲು ಬಂದವರೆಲ್ಲ "ಮಾತು ಉಳಿದಿದೆಯಲ್ಲ, ಪುಣ್ಯ" ಅಂದರು.

ಆಮೇಲೆ ಒಂದೊಂದೇ ಶುರುವಾಯಿತು. ನಮ್ಮ ಭಾವ ಬಂದು ಮಂಚದ ಎಡಗಡೆ ಕುರ್ಚಿಯಲ್ಲಿ ಕೂತರು. ಇವರು ಅವರನ್ನು ಮಾತೇ ಆಡಿಸಲಿಲ್ಲ. ಹಳೇ ಜಮೀನಿನ ವಿಚಾರಕ್ಕೆ ತಮ್ಮನಿಗೆ ಇನ್ನೂ ಮುನಿಸು ಅಂತ ಅವರು ಬೇಜಾರು ಮಾಡಿಕೊಂಡು ಎದ್ದುಹೋದರು. ಹಬ್ಬದ ಊಟಕ್ಕೆ ಎಲೆ ಹಾಕಿದರೆ ಬಲಗಡೆಯ ಪಲ್ಯ ಖಾಲಿ, ಅನ್ನದಲ್ಲಿ ಬಲಗಡೆಯ ಅರ್ಧ ಮಾತ್ರ ಖಾಲಿ. ಎಡತುದಿಯ ಉಪ್ಪು, ಕೋಸಂಬರಿ, ಉಪ್ಪಿನಕಾಯಿ ಮುಟ್ಟಿರುತ್ತಿರಲಿಲ್ಲ. "ಉಪ್ಪಿನಕಾಯಿ ಬಡಿಸಲೇ ಇಲ್ಲವಲ್ಲ" ಅಂತ ಸಿಟ್ಟು ಬೇರೆ. ಎಲೆ ತಿರುಗಿಸಿ ಇಟ್ಟರೆ "ಈಗ ಬಡಿಸಿದೆಯಾ" ಅನ್ನುತ್ತಿದ್ದರು. ನಿಮ್ಮ ಪತ್ರಿಕೆಯಲ್ಲಿ ಕೊಬ್ಬರಿ ಕ್ವಿಂಟಾಲಿಗೆ 18,500 ಅಂತ ಇದ್ದರೆ ಇವರು ಓದುವುದು 8,500. "ಧಾರಣೆ ಬಿದ್ದೇಹೋಯಿತಲ್ಲ" ಅಂತ ಗಾಬರಿ. ಜೀವಮಾನವೆಲ್ಲ ಧಾರಣೆ ನೋಡಿಕೊಂಡು ಬಂದವರಿಗೆ ಎಡಗಡೆಯ ಒಂದು ಅಂಕಿಯೇ ಇಲ್ಲ!

ಕಣ್ಣಿನ ಡಾಕ್ಟರು ಪರೀಕ್ಷೆ ಮಾಡಿ ಕಣ್ಣು ಚೆನ್ನಾಗಿದೆ ಅಂದರು. ಅದು ನಿಜವೇ. ಕಣ್ಣಿಗೆ ಕಂಡರೂ ಮೆದುಳು ಆ ಕಡೆಗೆ ಗಮನ ಕೊಡುವುದಿಲ್ಲ. ಮೆದುಳಿನ ಎಡಭಾಗ ಮುಖ್ಯವಾಗಿ ಬಲಗಡೆಯನ್ನು ಗಮನಿಸುತ್ತದೆ, ಬಲಭಾಗ ಎರಡೂ ಕಡೆಯನ್ನು ಗಮನಿಸುತ್ತದೆ ಅಂತ ತಜ್ಞರು ವಿವರಿಸುತ್ತಾರೆ. ಹಾಗಾಗಿ ಬಲಭಾಗಕ್ಕೆ ಪೆಟ್ಟು ಬಿದ್ದರೆ ಎಡಗಡೆಯನ್ನು ನೋಡಿಕೊಳ್ಳುವವರೇ ಇಲ್ಲದಂತಾಗುತ್ತದೆ. ಕಷ್ಟ ಏನೆಂದರೆ, ತನಗೆ ಏನೋ ಕಾಣುತ್ತಿಲ್ಲ ಅಂತ ರೋಗಿಗೆ ಅನ್ನಿಸುವುದೇ ಇಲ್ಲ. ದೃಷ್ಟಿಯ ಒಂದು ಪಾಲು ಹೋದವರು ಎಷ್ಟೋ ಸಲ ತಾವೇ ಕತ್ತು ತಿರುಗಿಸಿ ನೋಡುವುದನ್ನು ಕಲಿಯುತ್ತಾರೆ. ಇವರು ತಿರುಗುವುದಿಲ್ಲ, ಯಾಕೆಂದರೆ ಇವರ ಪಾಲಿಗೆ ಆ ಕಡೆ ಏನೂ ಇಲ್ಲ.

1978ರಲ್ಲಿ ಇಟಲಿಯ ಮಿಲಾನ್‌ನ ಇಬ್ಬರು ಸಂಶೋಧಕರು ಇಂಥ ರೋಗಿಗಳಿಗೆ ಆ ಊರಿನ ದೊಡ್ಡ ಚರ್ಚಿನ ಮುಂದಿನ ಚೌಕವನ್ನು ನೆನಪಿನಿಂದಲೇ ವರ್ಣಿಸಲು ಹೇಳಿದರು. ಚರ್ಚಿಗೆ ಮುಖ ಮಾಡಿ ನಿಂತಿದ್ದೀರಿ ಅಂದಾಗ ಬಲಗಡೆಯ ಕಟ್ಟಡಗಳನ್ನೇ ಹೆಚ್ಚಾಗಿ ಹೇಳಿದರು. ಚರ್ಚಿನ ಕಡೆಯಿಂದ ಈಚೆ ನೋಡುತ್ತಿದ್ದೀರಿ ಅಂದಾಗ, ಮೊದಲು ಬಿಟ್ಟಿದ್ದ ಕಟ್ಟಡಗಳು ಬಂದವು, ಮೊದಲು ಹೇಳಿದ್ದವು ಮಾಯ! ಇದನ್ನು ಓದಿದ ಮೇಲೆ ನಾನು ಯಜಮಾನರಿಗೆ ನಮ್ಮ ಬೀದಿಯ ಮನೆಗಳನ್ನು ಹೇಳಿ ಅಂದೆ. ಹೋಗುವಾಗ ಬಲಗಡೆ ಸಿಗುವ ಮನೆಗಳು ಸಲೀಸಾಗಿ ಬಂದವು. ಎಡಗಡೆ ಸಾಲಿನಲ್ಲಿ ಅವರ ಬಾಲ್ಯದ ಗೆಳೆಯರ ಮನೆ ಇದೆ, ಅದೂ ಬರಲಿಲ್ಲ.

ಅವರನ್ನು ಸೇರಿಸಿದ್ದ ಆಸ್ಪತ್ರೆಯಲ್ಲಿ ಬಿಲ್ಲು ಕೊಟ್ಟರು, ಮಾತ್ರೆ ಬರೆದರು, ಕಾಲಿನ ವ್ಯಾಯಾಮ ತೋರಿಸಿದರು. ಈ ತೊಂದರೆ ಇರಬಹುದು ಅಂತ ಒಬ್ಬರೂ ಬಾಯಿ ಬಿಡಲಿಲ್ಲ. ಗೊತ್ತಾಗಿದ್ದು ಬೆಂಗಳೂರಿನಲ್ಲಿ, ಒಬ್ಬ ಆಕ್ಯುಪೇಷನಲ್ ಥೆರಪಿಸ್ಟ್ (ದಿನನಿತ್ಯದ ಕೆಲಸಗಳನ್ನು ಮತ್ತೆ ಮಾಡಲು ಕಲಿಸುವವರು) ಹುಡುಗಿಯಿಂದ. ಆಕೆ ಮಾಡಿದ್ದು ಇಷ್ಟೇ. ಒಂದು ಬಿಳಿ ಹಾಳೆಯ ತುಂಬ ಸಣ್ಣ ಸಣ್ಣ ಗೆರೆಗಳು. ಎಲ್ಲ ಗೆರೆಗಳಿಗೂ ಅಡ್ಡ ಹೊಡೆಯಿರಿ ಅಂತ ಪೆನ್ನು ಕೊಟ್ಟಳು. ಇವರು ಬಲಗಡೆಯಿಂದ ನೀಟಾಗಿ ಹೊಡೆಯುತ್ತಾ ಬಂದು ನಡುವೆ ನಿಲ್ಲಿಸಿ, ಪೆನ್ನು ಮುಚ್ಚಿಟ್ಟು "ಆಯಿತಮ್ಮ" ಅಂದರು. ಗಡಿಯಾರ ಬರೆಯಿರಿ ಅಂದಾಗ ಹನ್ನೆರಡೂ ಅಂಕಿಗಳನ್ನು ಬಲ ಅರ್ಧದಲ್ಲೇ ತುಂಬಿಸಿದರು. ಗೆರೆ ಹೊಡೆಯುವ ಆ ಪರೀಕ್ಷೆ 1973ರಿಂದಲೂ ಇದೆಯಂತೆ. ಅದಕ್ಕೆ ಅಕ್ಷರ ಬರಬೇಕಾಗಿಲ್ಲ, ಯಂತ್ರ ಬೇಕಾಗಿಲ್ಲ, ಐದು ನಿಮಿಷ ಸಾಕು. ಇಷ್ಟನ್ನು ಪ್ರತಿ ಆಸ್ಪತ್ರೆಯಲ್ಲೂ ಮಾಡಬಹುದಲ್ವಾ?

ತರಬೇತಿಯೂ ಕಣ್ಣಿನ ಮೂಲಕವೇ. ಓದುವ ಹಾಳೆಯ ಎಡ ಅಂಚಿಗೆ ದಪ್ಪನೆಯ ಕೆಂಪು ಪಟ್ಟಿ ಅಂಟಿಸುವುದು. ಕೆಂಪು ಕಾಣುವವರೆಗೆ ಕತ್ತು ತಿರುಗಿಸಬೇಕು, ಕಂಡ ಮೇಲೆಯೇ ಸಾಲು ಶುರು ಮಾಡಬೇಕು. ಇನ್ನೊಂದು, ಕಂಪ್ಯೂಟರ್ ಪರದೆಯ ಮೇಲೆ ನೂರಾರು ಚುಕ್ಕೆಗಳು ಒಟ್ಟಿಗೆ ಬಲದಿಂದ ಎಡಕ್ಕೆ ಹರಿಯುತ್ತವೆ. ತಲೆ ಆಡಿಸದೆ ಕಣ್ಣಲ್ಲೇ ಅವುಗಳನ್ನು ಹಿಂಬಾಲಿಸಬೇಕು. ಮನೆಯಲ್ಲಿ ನಾನು ಮೇಜಿನ ಮೇಲೆ ಹುಣಸೆಬೀಜ ಹರಡುತ್ತಿದ್ದೆ. ಎಲ್ಲ ಆರಿಸಿ ಬಟ್ಟಲಿಗೆ ಹಾಕಬೇಕು. ಮುಗಿಯಿತು ಅಂದಾಗ "ಕೆಂಪು ಪಟ್ಟಿ ಸಿಕ್ಕಿತಾ?" ಅಂತ ಕೇಳುವುದು. ಮೇಜಿನ ಎಡ ಅಂಚಿಗೂ ಅದೇ ಪಟ್ಟಿ ಅಂಟಿಸಿದ್ದೆವು. ಹುಡುಕುತ್ತಾ ಹುಡುಕುತ್ತಾ ಕಣ್ಣು ಎಡಕ್ಕೆ ಹೋಗುತ್ತಿದ್ದದ್ದು, ಪಟ್ಟಿ ಸಿಕ್ಕಾಗ ಮುಖ ಅರಳುತ್ತಿದ್ದದ್ದು ಕಣ್ಣಾರೆ ಕಂಡಿದ್ದೇನೆ.

ಪಟ್ಟಕದ (ಬೆಳಕನ್ನು ಬಾಗಿಸುವ ಗಾಜು, ಪ್ರಿಸಂ) ಪಾಠ ಮಾಡಿದವಳಾದ್ದರಿಂದ ಇನ್ನೊಂದು ವಿಧಾನ ನನಗೆ ವಿಶೇಷ ಅನ್ನಿಸಿತು. 1998ರಲ್ಲಿ ಫ್ರಾನ್ಸಿನ ರೊಸೆಟ್ಟಿ ಮತ್ತು ಸಂಗಡಿಗರು ಪ್ರಕಟಿಸಿದ್ದು. ಎದುರಿನ ನೋಟವನ್ನು ಹತ್ತು ಡಿಗ್ರಿಯಷ್ಟು ಬಲಕ್ಕೆ ಸರಿಸುವ ಪಟ್ಟಕದ ಕನ್ನಡಕ ಹಾಕಿ, ಮುಂದಿನ ಗುರಿಯತ್ತ ಬೆರಳು ತೋರಿಸುವುದನ್ನು ಸ್ವಲ್ಪ ಹೊತ್ತು ಮತ್ತೆ ಮತ್ತೆ ಮಾಡಿಸುತ್ತಾರೆ. ಮೊದಲು ಗುರಿ ತಪ್ಪುತ್ತದೆ, ಆಮೇಲೆ ಕೈ ಹೊಂದಿಕೊಳ್ಳುತ್ತದೆ. ಕನ್ನಡಕ ತೆಗೆದಾಗ ಕೈ ಎಡಕ್ಕೆ ವಾಲುತ್ತದೆ, ಗಮನವೂ ಎಡಕ್ಕೆ ಹೊರಳುತ್ತದೆ. ಎರಡು ಗಂಟೆ ಕಳೆದ ಮೇಲೂ ಪರಿಣಾಮ ಉಳಿದಿತ್ತು ಅಂತ ಅವರು ತೋರಿಸಿದರು.

ಕೆಲವರಿಗೆ ಇದರ ಜೊತೆಗೆ ಬ್ಯಾಲೆನ್ಸ್ ತೊಂದರೆಯೂ ಇರುತ್ತದೆ. ನೆಟ್ಟಗೆ ಕೂರಿಸಲು ಹೋದರೆ ಇವರು ಬಲಗೈ ಊರಿ ನಮ್ಮನ್ನೇ ತಳ್ಳಿ ಎಡಕ್ಕೆ ವಾಲುತ್ತಿದ್ದರು. "ಬೀಳಿಸ್ತೀಯಾ ನನ್ನ" ಅಂತ ಕೂಗಾಟ. ಹಟ ಅಂದುಕೊಳ್ಳುತ್ತಾರೆ ಜನ, ಹಟ ಅಲ್ಲ. ನೆಟ್ಟಗೆ ಅಂದರೆ ಏನು ಅನ್ನುವ ದೇಹದ ಅಂದಾಜೇ ಕೆಟ್ಟಿರುತ್ತದೆ. ಇಂಥವರಿಗೆ ದೇಹ ಸುಮಾರು 18 ಡಿಗ್ರಿ ವಾಲಿದಾಗ ತಾನು ನೆಟ್ಟಗಿದ್ದೇನೆ ಅನ್ನಿಸುತ್ತದೆ ಅಂತ ಜರ್ಮನಿಯ ಕಾರ್ನಾತ್ ಮತ್ತು ಸಂಗಡಿಗರು 2000ದಲ್ಲಿ ಅಳೆದು ತೋರಿಸಿದರು. ಆದರೆ ಕಣ್ಣಿನಿಂದ ನೋಡಿ ಯಾವುದು ನೆಟ್ಟಗಿದೆ ಅಂತ ಹೇಳುವ ಶಕ್ತಿ ಅವರಲ್ಲಿ ಉಳಿದಿರುತ್ತದೆ. ಅದನ್ನೇ ಹಿಡಿದು ಚಿಕಿತ್ಸೆ. ನಮ್ಮ ಪಡಸಾಲೆಯ ಮರದ ಕಂಬದ ಎದುರು ಕೂರಿಸಿ "ಕಂಬ ನೋಡಿ, ನೀವು ಅದರ ಹಾಗೆ ಇದ್ದೀರಾ?" ಅಂತ ಕೇಳುತ್ತಿದ್ದೆವು. ನೋಡಿ, ಯೋಚಿಸಿ, ತಾವೇ ಮೈ ಸರಿ ಮಾಡಿಕೊಳ್ಳುತ್ತಿದ್ದರು. ನಾವು ಎಳೆದು ಕೂರಿಸಿದಾಗ ಆಗದ್ದು ಹೀಗೆ ಆಯಿತು. ಕಂಬ ಇಲ್ಲದ ಮನೆಯಲ್ಲಿ ಬಾಗಿಲ ಚೌಕಟ್ಟು ಆಗುತ್ತದೆ.

ಇವೆಲ್ಲ ಪವಾಡ ಅಂತ ನಾನು ಹೇಳುತ್ತಿಲ್ಲ. ಗಮನದ ತೊಂದರೆಗೆ ಮಾತ್ರೆಯಿಲ್ಲದ ಚಿಕಿತ್ಸೆಗಳ ಬಗ್ಗೆ ನಡೆದ 65 ಅಧ್ಯಯನಗಳನ್ನು ಒಟ್ಟಿಗೆ ನೋಡಿದ ಕಾಕ್ರೇನ್ (ಚಿಕಿತ್ಸೆಗಳ ಪುರಾವೆಗಳನ್ನು ಒರೆಗೆ ಹಚ್ಚುವ ಅಂತಾರಾಷ್ಟ್ರೀಯ ಸಂಸ್ಥೆ) ವರದಿ 2021ರಲ್ಲಿ ಬಂತು. ದಿನನಿತ್ಯದ ಬದುಕಿನಲ್ಲಿ ಇವು ಎಷ್ಟು ಉಪಯೋಗ ಅನ್ನುವುದಕ್ಕೆ ಗಟ್ಟಿ ಪುರಾವೆ ಇನ್ನೂ ಸಾಲದು, ಒಳ್ಳೆಯ ಅಧ್ಯಯನಗಳು ಬೇಕು ಅಂತ ಅದು ಹೇಳಿತು. ಜೊತೆಗೆ ಮೊದಲ ಕೆಲವು ತಿಂಗಳಲ್ಲಿ ಮೆದುಳು ತಾನಾಗಿಯೇ ಒಂದಷ್ಟು ಸುಧಾರಿಸುತ್ತದೆ. ಅದಕ್ಕೇ, ಕಂಪ್ಯೂಟರ್ ಚಿಕಿತ್ಸೆಯಲ್ಲಿ ಗ್ಯಾರಂಟಿ ವಾಸಿ ಅಂತ ದೊಡ್ಡ ಪ್ಯಾಕೇಜು ಮಾರುವವರಿಗೆ ಸುಮ್ನೆ ದುಡ್ಡು ಸುರಿಯಬೇಡಿ. ಕೆಂಪು ಟೇಪು, ಹುಣಸೆಬೀಜಕ್ಕೆ ಖರ್ಚೇನೂ ಇಲ್ಲ. ನಮ್ಮ ಯಜಮಾನರು ಈಗ ಊಟದ ಎಲೆ ಪೂರ್ತಿ ನೋಡುತ್ತಾರೆ, ಧಾರಣೆ ಸರಿಯಾಗಿ ಓದುತ್ತಾರೆ. ಸಂತೆಯ ಗದ್ದಲದಲ್ಲಿ ಎಡಗಡೆಯಿಂದ ಬರುವ ಬೈಕು ಈಗಲೂ ಗೊತ್ತಾಗುವುದಿಲ್ಲ. ಹೊರಗೆ ಹೋದರೆ ಅವರ ಎಡಗಡೆ ಒಬ್ಬರು ಇರಲೇಬೇಕು.

ಚಿಕಿತ್ಸೆಯ ಬಗ್ಗೆ ಚರ್ಚೆ ನಡೆಯಲಿ. ತೊಂದರೆ ಇದೆಯೋ ಇಲ್ಲವೋ ಅಂತ ನೋಡುವುದಕ್ಕೆ, ಮನೆಯವರಿಗೆ ಹೇಳುವುದಕ್ಕೆ ಅಡ್ಡಿ ಏನು? ಗೊತ್ತಿಲ್ಲದಿದ್ದರೆ ಅನಾಹುತ. ಎಡಗಡೆಯ ಒಲೆ ಉರಿಯುತ್ತಿರುವುದು ತಿಳಿಯುವುದಿಲ್ಲ, ವೀಲ್‌ಚೇರ್ ಚಕ್ರಕ್ಕೆ ಎಡಗೈ ಸಿಕ್ಕಿದರೂ ಅರಿವಾಗುವುದಿಲ್ಲ. ಕಾಲು ಸರಿಹೋಯಿತು ಅಂತ ಸ್ಕೂಟರ್ ಕೀ ಕೊಟ್ಟುಬಿಡುವವರೂ ಇದ್ದಾರೆ, ಅದು ಜೀವಕ್ಕೇ ಅಪಾಯ.

ರಾಜ್ಯ ಸರ್ಕಾರ ನಿಮ್ಹಾನ್ಸ್ ಜೊತೆ ಸೇರಿ 2022ರಲ್ಲಿ ಕರ್ನಾಟಕ ಬ್ರೈನ್ ಹೆಲ್ತ್ ಇನಿಷಿಯೇಟಿವ್ ಅನ್ನುವ ಮೆದುಳಿನ ಆರೋಗ್ಯದ ಯೋಜನೆ ಶುರು ಮಾಡಿದೆ. ಒಳ್ಳೆಯ ಕೆಲಸ. ಗೆರೆ ಹೊಡೆಯುವ ಆ ಒಂದು ಹಾಳೆಯನ್ನು ಇದರಡಿ ಎಲ್ಲ ಜಿಲ್ಲಾ, ತಾಲ್ಲೂಕು ಆಸ್ಪತ್ರೆಗಳಿಗೂ ಕಳಿಸಲಿ. ಆಕ್ಯುಪೇಷನಲ್ ಥೆರಪಿಸ್ಟ್ ಸಿಗದ ಕಡೆ ಈಗಿರುವ ಫಿಸಿಯೋಥೆರಪಿಸ್ಟ್‌ಗಳಿಗೇ ಈ ಪರೀಕ್ಷೆ, ಈ ತರಬೇತಿ ಹೇಳಿಕೊಡಲಿ. ಡಿಸ್ಚಾರ್ಜ್ ಚೀಟಿಯಲ್ಲಿ ಬಿಪಿ, ಶುಗರ್ ಬರೆಯುವ ಜಾಗದ ಕೆಳಗೆ "ಎಡ-ಬಲ ಗಮನ ಪರೀಕ್ಷೆ ಆಗಿದೆಯೇ" ಅಂತ ಕನ್ನಡದಲ್ಲಿ ಒಂದು ಸಾಲು ಸೇರಿಸಲಿ. ನಿಮ್ಮ ಆರೋಗ್ಯ ಪುಟದಲ್ಲೂ ಈ ಬಗ್ಗೆ ತಜ್ಞರಿಂದ ಒಂದು ಲೇಖನ ಬರೆಸಿ, ಗೆರೆ ಹಾಳೆಯ ಚಿತ್ರವನ್ನು ದೊಡ್ಡದಾಗಿ ಅಚ್ಚು ಹಾಕಿ. ಮನೆಯಲ್ಲಿ ಲಕ್ವ ಆದವರಿರುವ ಓದುಗರು ಅದನ್ನು ಕತ್ತರಿಸಿ ಡಾಕ್ಟರ ಬಳಿಗೆ ತೆಗೆದುಕೊಂಡು ಹೋಗಲಿ.

ಇಂತಿ,
ನಿವೃತ್ತ ವಿಜ್ಞಾನ ಶಿಕ್ಷಕಿ, ತಿಪಟೂರು